ಕೇಳಿದಷ್ಟೂ ಸವೆಯುವ ದನಿ: ಮೇಣದ ಉರುಳೆಗಳು ಮತ್ತು ಪಾಠಸಂಪಾದನೆ

1892ರ ಕೊನೆಯ ಭಾಗದಲ್ಲಿ ಸ್ವಾಮಿ ವಿವೇಕಾನಂದರು ಪರಿವ್ರಾಜಕರಾಗಿ ಮೈಸೂರಿಗೆ ಬಂದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಮೂಲಕ ಹತ್ತನೆಯ ಚಾಮರಾಜೇಂದ್ರ ಒಡೆಯರ ಪರಿಚಯವಾಯಿತು; ಕೆಲವು ಕಾಲ ಅರಮನೆಯ ಆತಿಥ್ಯದಲ್ಲಿದ್ದರು. ಅವರು ಹೊರಡುವುದಕ್ಕೆ ಮುನ್ನ ಮಹಾರಾಜರು ಫೋನೋಗ್ರಾಫ್ ಯಂತ್ರದಲ್ಲಿ ಅವರ ಧ್ವನಿಯನ್ನು ಮುದ್ರಿಸಿಕೊಂಡರೆಂಬ ಸಂಗತಿ, ಪೌರಸ್ತ್ಯ ಮತ್ತು ಪಾಶ್ಚಾತ್ಯ ಶಿಷ್ಯರು ರಚಿಸಿದ ಸ್ವಾಮೀಜಿಯವರ ಬೃಹತ್ ಜೀವನಚರಿತ್ರೆಯಲ್ಲಿ ಬಂದಿದೆ. ಆ ಮುದ್ರಿಕೆ ಅರಮನೆಯಲ್ಲಿ ಉಳಿದಿದೆ, ಆದರೆ ಬಹುಕಾಲದ ಹಿಂದೆಯೇ ಅಸ್ಪಷ್ಟವಾಗಿಹೋಗಿದೆ ಎಂಬುದು ಅಲ್ಲಿ ಸಿಗುವ ಮಾಹಿತಿಯ ಸಾರ. ಚರಿತ್ರಕಾರರು ಅಷ್ಟು ಹೇಳಿ ಮುಂದಿನ ಪ್ರಸಂಗಕ್ಕೆ ಹೋಗುತ್ತಾರೆ. ಓದುಗರೂ ಹಾಗೆಯೇ ಮುಂದೆ ಹೋಗುವುದು ವಾಡಿಕೆ. ಆದರೆ 'ಅಸ್ಪಷ್ಟವಾಗಿದೆ' ಎಂಬ ಆ ಒಂದು ಕ್ರಿಯಾಪದದೊಳಗೆ ಒಂದು ವಸ್ತುವಿನ ಇಡೀ ಆಯುಷ್ಯವೇ ಅಡಗಿದೆ. ಹಸ್ತಪ್ರತಿಗಳ ಜೊತೆ ಒಡನಾಡಿದವರಿಗೆ ಆ ಪದ ಅಪರಿಚಿತವಲ್ಲ. ಓಲೆಗರಿಯ ಸೂಚಿಪಟ್ಟಿಗಳಲ್ಲಿ 'ಶಿಥಿಲ', 'ತ್ರುಟಿತ', 'ಅಸಮಗ್ರ' ಎಂಬ ಷರಾಗಳ ಹಿಂದೆ ಗೆದ್ದಲು, ತೇವ, ಅಲಕ್ಷ್ಯಗಳ ಚರಿತ್ರೆ ಇರುವಂತೆ, ಈ ಷರಾದ ಹಿಂದೆಯೂ ಒಂದು ಚರಿತ್ರೆ ಇದೆ.

ಅದು ಎಂಥ ವಸ್ತುವಾಗಿದ್ದಿರಬೇಕು? ಥಾಮಸ್ ಎಡಿಸನ್ 1877ರಲ್ಲಿ ಮೊದಲು ಮಾಡಿದ ಯಂತ್ರ ತವರದ ತೆಳುಹಾಳೆಯ ಮೇಲೆ ದನಿಯನ್ನು ಒತ್ತುತ್ತಿತ್ತು. ಆ ಹಾಳೆ ಕೆಲವೇ ಸಲ ಕೇಳುವಷ್ಟರಲ್ಲಿ ಹರಿದುಹೋಗುತ್ತಿತ್ತು. ಹತ್ತು ವರ್ಷಗಳ ಕಾಲ ಎಡಿಸನ್ ವಿದ್ಯುದ್ದೀಪದ ಕಡೆ ತಿರುಗಿದ್ದಾಗ, ಅಲೆಕ್ಸಾಂಡರ್ ಗ್ರಹಾಂ ಬೆಲ್‌ರ ವೋಲ್ಟಾ ಪ್ರಯೋಗಶಾಲೆಯಲ್ಲಿ ಚಿಚೆಸ್ಟರ್ ಬೆಲ್ ಮತ್ತು ಚಾರ್ಲ್ಸ್ ಸಮ್ನರ್ ಟೇಂಟರ್ ಎಂಬಿಬ್ಬರು ತವರವನ್ನು ಬಿಟ್ಟು ಮೇಣವನ್ನು ಹಿಡಿದರು. ಒತ್ತುವ ಬದಲು ಕೆತ್ತಿದರು. 1886ರಲ್ಲಿ ಅವರಿಗೆ ಹಕ್ಕುಪತ್ರ ದೊರೆಯಿತು. ಪೈಪೋಟಿಗಿಳಿದ ಎಡಿಸನ್ 1888ರಲ್ಲಿ ಇಡಿಯಾಗಿ ಮೇಣದಿಂದಲೇ ಎರಕ ಹೊಯ್ದ ಉರುಳೆಯ ಯಂತ್ರವನ್ನು ಹೊರತಂದರು. 1892ರ ಮೈಸೂರಿನಲ್ಲಿ ತಿರುಗಿದ್ದು ಇಂಥದೇ ಒಂದು ಮೇಣದ ಉರುಳೆ ಎಂದು ಊಹಿಸುವುದು ಯುಕ್ತ. ತವರದ ಹಾಳೆಯಾಗಿದ್ದರೆ 'ಉಳಿದಿದೆ' ಎಂಬ ಮಾತಿಗೇ ಅವಕಾಶವಿರುತ್ತಿರಲಿಲ್ಲ.

ಮೇಣವೆಂಬುದು ರೂಢಿಯ ಮಾತು. ವಸ್ತುತಃ ಅದು ಸ್ಟಿಯರಿಕ್ ಆಮ್ಲದಂಥ ಕೊಬ್ಬಿನ ಆಮ್ಲಗಳು ಲೋಹದ ಅಂಶಗಳೊಡನೆ ಕೂಡಿ ಆದ ಒಂದು ಬಗೆಯ ಗಟ್ಟಿ ಸಾಬೂನು. ಸುಮಾರು ನಾಲ್ಕೂಕಾಲು ಅಂಗುಲ ಉದ್ದ, ಎರಡೂಕಾಲು ಅಂಗುಲ ವ್ಯಾಸದ, ಒಳಗೆ ಟೊಳ್ಳಾದ ಕಂದುಬಣ್ಣದ ಕೊಳವೆ. ಅದರ ಮೈಮೇಲೆ ಅಂಗುಲಕ್ಕೆ ನೂರರಂತೆ ಸುತ್ತಿಕೊಂಡು ಹೋಗುವ ಒಂದೇ ಒಂದು ಗೀರು. ಕಹಳೆಯ ಮುಂದೆ ನುಡಿದ ಮಾತು ತೆಳುಪೊರೆಯನ್ನು ನಡುಗಿಸಿ, ಪೊರೆಗೆ ಅಂಟಿದ ಮುಳ್ಳು ಮೇಣದೊಳಗೆ ಮೇಲೆ ಕೆಳಗೆ ಆಡುತ್ತ ಏರುತಗ್ಗುಗಳನ್ನು ಕೆತ್ತುತ್ತದೆ. ಈ ತಗ್ಗಿನ ಆಳ ಹೆಚ್ಚೆಂದರೆ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು. ಎರಡು ಮೂರು ನಿಮಿಷದ ಮಾತು ಅಷ್ಟರಲ್ಲಿ ಮುಗಿಯಬೇಕು. 1902ರ ಸುಮಾರಿಗೆ ಅಚ್ಚಿನಲ್ಲಿ ಹೊಯ್ದ ಉರುಳೆಗಳು ಮಾರುಕಟ್ಟೆಗೆ ಬಂದವಾದರೂ, ಅರಮನೆಯಲ್ಲೋ ಹಾಡಿಯಲ್ಲೋ ಯಂತ್ರವಿಟ್ಟು ಮುದ್ರಿಸಿಕೊಂಡ ಪ್ರತಿಯೊಂದು ಉರುಳೆಯೂ ಏಕೈಕ ಪ್ರತಿಯೇ.

ಇಲ್ಲಿ ಓಲೆಗರಿ ನೆನಪಾಗುವುದು ಸಹಜ. ದಕ್ಷಿಣದ ಲಿಪಿಕಾರನು ಕಬ್ಬಿಣದ ಕಂಟದಿಂದ ಗರಿಯ ಮೈಯನ್ನು ಗೀರಿ ಅಕ್ಷರ ಮೂಡಿಸಿದ. ಫೋನೋಗ್ರಾಫಿನ ಮುಳ್ಳು ಮೇಣದ ಮೈಯನ್ನು ಗೀರಿ ದನಿ ಮೂಡಿಸಿತು. ಮೆದು ಮೇಲ್ಮೈ, ಗಟ್ಟಿ ಮೊನೆ: ಎರಡರ ತತ್ತ್ವವೂ ಒಂದೇ. ಆದರೆ ಒಂದು ಭೇದವಿದೆ, ಅದು ಸಣ್ಣದಲ್ಲ. ಓಲೆಯ ಮೇಲಿನ ಗೀರಿಗೆ ಮಸಿ ತುಂಬಿ ಸಾವಿರ ಸಲ ಓದಿದರೂ ಓದುವ ಕಣ್ಣು ಅಕ್ಷರವನ್ನು ತಿನ್ನುವುದಿಲ್ಲ. ಮೇಣದ ಗೀರನ್ನು ಓದಬೇಕಾದರೆ ಇನ್ನೊಂದು ಮುಳ್ಳು ಅದೇ ದಾರಿಯಲ್ಲಿ ಹಾದುಹೋಗಬೇಕು. ಹಾದುಹೋದಾಗಲೆಲ್ಲ ಅದು ತುಸುತುಸುವೇ ಏರನ್ನು ತಗ್ಗಿಸುತ್ತದೆ, ತಗ್ಗನ್ನು ತುಂಬುತ್ತದೆ. ಮೊದಲು ಹೋಗುವುದು ಸೂಕ್ಷ್ಮವಾದ ಏರಿಳಿತ. ಎಂದರೆ ಸಕಾರ ಶಕಾರಗಳ ಭೇದ, ವ್ಯಂಜನಗಳ ಮೊನೆ. ಸ್ವರಗಳ ಗುನುಗು ಉಳಿದು ಮಾತು ಮಾತ್ರ ಕರಗುತ್ತದೆ. ಅರಮನೆಯಂಥ ಸ್ಥಳದಲ್ಲಿ ಇಂಥದೊಂದು ಕೌತುಕದ ವಸ್ತುವಿದ್ದರೆ ಬಂದವರೆಲ್ಲ ಕೇಳಬಯಸುವುದು ಸ್ವಾಭಾವಿಕ. ಹಾಗೆ ಆಗಿದ್ದರೆ, ಆ ದನಿಯನ್ನು ಕೆಡಿಸಿದ್ದು ಅಲಕ್ಷ್ಯವಲ್ಲ, ಭಕ್ತಿ.

ಹಳೆಯ ಕನ್ನಡ ಸಾಹಿತ್ಯಕ್ಕೆ ಇದರ ವಿರುದ್ಧ ಅನುಭವವಿದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಲ್ಲಿ ಬಳಕೆಯೇ ರಕ್ಷಣೆ. ಮೇಣದ ವಿಷಯದಲ್ಲಿ ಪ್ರತಿ ಮಾಡುವವನೂ ಮೊದಲು ಕೇಳಬೇಕು, ಕೇಳುವವನೂ ಕೆಡಿಸಬೇಕು.

ಕೇಳದೆ ಇಟ್ಟರಾದರೂ ಉಳಿಯುತ್ತದೆಯೇ? ಅದೂ ಇಲ್ಲ. ಕೊಬ್ಬಿನ ಅಂಶವಿರುವ ವಸ್ತುವಾದ್ದರಿಂದ ಬೂಷ್ಟಿಗೆ ಅದು ಆಹಾರ. ತೇವದ ಹವೆಯಲ್ಲಿ ಬೂಷ್ಟು ಗೀರುಗಳ ಮೈಯನ್ನೇ ತಿಂದು ಗುಳಿಗಳನ್ನು ಬಿಡುತ್ತದೆ. ಒರೆಸಿದರೆ ಬಿಳಿಯ ಪೊರೆ ಹೋದೀತು, ಗುಳಿ ಹೋಗುವುದಿಲ್ಲ. ಬೆರಳಿನ ಜಿಡ್ಡು ತಾಗಿದ ಕಡೆ ಬೂಷ್ಟು ಇನ್ನೂ ಬೇಗ ಹತ್ತುತ್ತದೆ. ಬಿಸಿಲಿಗೆ ಉರುಳೆ ಸೊಟ್ಟಗಾಗುತ್ತದೆ. ತಣ್ಣಗಿದ್ದ ಉರುಳೆಯನ್ನು ಬಿಸಿಯಾದ ಅಂಗೈಯಲ್ಲಿ ಹಿಡಿದ ಮಾತ್ರಕ್ಕೆ ಚಿಟಿಲೆಂದು ಸೀಳಿದ ಪ್ರಸಂಗಗಳೂ ಉಂಟು. ಇವೆಲ್ಲಕ್ಕಿಂತ ಕ್ರೂರವಾದ ಇನ್ನೊಂದು ಗುಣವಿದೆ. ಉರುಳೆಯ ಗೋಡೆಯನ್ನು ಉದ್ದೇಶಪೂರ್ವಕವಾಗಿಯೇ ದಪ್ಪವಾಗಿ ಮಾಡಿರುತ್ತಿದ್ದರು. ಬೇಡವಾದ ಮಾತನ್ನು ಹೆರೆದು ತೆಗೆದು ಹೊಸ ಮಾತು ಮುದ್ರಿಸಲೆಂದು. ಕಚೇರಿಗಳಲ್ಲಿ ಪತ್ರ ಹೇಳಿ ಬರೆಸುವ ಕೆಲಸಕ್ಕೆಂದೇ ಯಂತ್ರವನ್ನು ಮೊದಲು ಮಾರಿದ್ದರಿಂದ ಇದೊಂದು ಅನುಕೂಲವೆಂದೇ ಎಣಿಸಲಾಗಿತ್ತು. ಹಾಗೆ ಹೆರೆದ ಮೇಲೆ ಹಿಂದಿನ ದನಿ ನೆಲಕ್ಕೆ ಬಿದ್ದ ಮೇಣದ ಸುರುಳಿ ಮಾತ್ರ.

ಈ ಸಂಕಟವನ್ನು ಮೊದಲು ಸರಿಯಾಗಿ ಅರಿತವರಲ್ಲಿ ಬರ್ಲಿನ್ನಿನ ವಿದ್ವಾಂಸರು ಮುಖ್ಯರು. 1900ರಲ್ಲಿ ಬರ್ಲಿನ್ನಿಗೆ ಬಂದಿದ್ದ ಸಯಾಮಿನ ವಾದ್ಯಗಾರರನ್ನು ಮನಶ್ಶಾಸ್ತ್ರಜ್ಞ ಕಾರ್ಲ್ ಷ್ಟುಂಫ್ ಮುದ್ರಿಸಿಕೊಂಡರು. ಅಲ್ಲಿಂದ ಬೆಳೆದದ್ದು ಬರ್ಲಿನ್ ಫೋನೋಗ್ರಾಮ್ ಸಂಗ್ರಹ. ಎರಿಕ್ ಫಾನ್ ಹಾರ್ನ್‌ಬಾಸ್ಟೆಲ್ 1905ರಿಂದ 1933ರವರೆಗೆ ಅದನ್ನು ನಡೆಸಿದರು. ಅಲ್ಲಿ ಅನುಸರಿಸಿದ ವಿಧಾನ ವಿಲಕ್ಷಣವಾದುದು. ಮೇಣದ ಉರುಳೆಗೆ ವಿದ್ಯುತ್ತು ಹರಿಯುವಂತೆ ಗ್ರಾಫೈಟಿನ ತೆಳುಲೇಪ ಕೊಟ್ಟು, ತಾಮ್ರದ ದ್ರಾವಣದಲ್ಲಿ ಮುಳುಗಿಸಿ, ಮೇಲ್ಮೈ ತುಂಬ ತಾಮ್ರ ಕೂರುವಂತೆ ಮಾಡುತ್ತಿದ್ದರು. ಅನಂತರ ಒಳಗಿನ ಮೇಣವನ್ನು ತೆಗೆದುಹಾಕಿದರೆ, ಗೀರುಗಳ ಪಡಿಯಚ್ಚು ತಾಮ್ರದ ಒಳಮೈಯಲ್ಲಿ ಉಳಿಯುತ್ತಿತ್ತು. ಅದರಿಂದ ಬೇಕಾದಷ್ಟು ಹೊಸ ಮೇಣದ ಪ್ರತಿಗಳನ್ನು ಎರೆಯಬಹುದಿತ್ತು. ಆದರೆ ಮೂಲಪ್ರತಿ ಈ ಕ್ರಿಯೆಯಲ್ಲಿ ನಾಶವಾಗುತ್ತಿತ್ತು. ಮೂಲವನ್ನು ಬಲಿಕೊಟ್ಟು ಪ್ರತಿಗಳ ವಂಶವನ್ನು ಪಡೆಯುವ ಈ ವಿಧಾನವನ್ನು ಕೇಳಿದ ಯಾವ ಹಸ್ತಪ್ರತಿ ತಜ್ಞನೂ ಒಮ್ಮೆ ಬೆಚ್ಚಿಬೀಳುತ್ತಾನೆ. ಆದರೂ ಅದು ವಿವೇಕದ ನಿರ್ಣಯವೇ ಆಗಿತ್ತು. ಹಾರ್ನ್‌ಬಾಸ್ಟೆಲ್ ತಾಯಿಯ ಯಹೂದಿ ಮೂಲದ ಕಾರಣದಿಂದ 1933ರಲ್ಲಿ ಹುದ್ದೆ ಕಳೆದುಕೊಂಡು ದೇಶ ಬಿಟ್ಟರು. ಎರಡನೆಯ ಮಹಾಯುದ್ಧದ ತರುವಾಯ ಸಂಗ್ರಹದ ಬಹುಭಾಗ ಲೆನಿನ್‌ಗ್ರಾಡನ್ನು ಸೇರಿ, ಅಲ್ಲಿಂದ ಪೂರ್ವ ಬರ್ಲಿನ್ನಿಗೆ ಬಂದು, ಜರ್ಮನಿ ಒಂದಾದ ಬಳಿಕ 1991ರಲ್ಲಿ ಸ್ವಸ್ಥಾನಕ್ಕೆ ಮರಳಿತು. ಮೇಣ ಮಾತ್ರವೇ ಇದ್ದಿದ್ದರೆ ಈ ಅಲೆದಾಟವನ್ನು ತಾಳುತ್ತಿತ್ತೆಂದು ನಂಬುವುದು ಕಷ್ಟ. ತಾಮ್ರ ತಾಳಿತು. 1999ರಲ್ಲಿ ಯುನೆಸ್ಕೋ ಈ ಸಂಗ್ರಹವನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು.

ಮೂಲವೂ ಕೆಡದೆ ಪಾಠವೂ ದಕ್ಕುವ ದಾರಿ ತೆರೆದದ್ದು ಶತಮಾನ ಕಳೆದ ಮೇಲೆ. ಅದೂ ಸಂಗೀತಶಾಸ್ತ್ರಜ್ಞರಿಂದಲ್ಲ, ಪರಮಾಣುವಿಗಿಂತ ಸಣ್ಣ ಕಣಗಳನ್ನು ಹುಡುಕುವ ಭೌತವಿಜ್ಞಾನಿಗಳಿಂದ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಕಾರ್ಲ್ ಹೇಬರ್ ತಮ್ಮ ಉಪಕರಣದ ಬಿಡಿಭಾಗಗಳನ್ನು ಅತಿಸೂಕ್ಷ್ಮವಾಗಿ ಅಳೆಯುವ ಕೆಲಸದಲ್ಲಿದ್ದಾಗ, ಹಳೆಯ ಧ್ವನಿಮುದ್ರಿಕೆಗಳು ಹಾಳಾಗುತ್ತಿರುವ ಬಗ್ಗೆ ರೇಡಿಯೋದಲ್ಲಿ ಒಂದು ಕಾರ್ಯಕ್ರಮ ಕೇಳಿದರು. ಮುಳ್ಳಿನ ಬದಲು ಬೆಳಕಿನಿಂದ ಗೀರನ್ನು ಅಳೆಯಬಹುದಲ್ಲವೇ ಎಂಬುದು ಅವರಿಗೆ ಹೊಳೆದ ಪ್ರಶ್ನೆ. ಸಹೋದ್ಯೋಗಿ ವಿಟಾಲಿ ಫಡೇಯೆವ್ ಅವರೊಡನೆ ರೂಪಿಸಿದ ಆ ವಿಧಾನಕ್ಕೆ 'ಐರೀನ್' ಎಂಬ ಹೆಸರು ಬಂದಿತು. ಮೊದಲು ಪರೀಕ್ಷಿಸಿದ ಗ್ರಾಮಫೋನ್ ಹಾಡಿನ ನಾಯಿಕೆಯ ಹೆಸರದು. ಮೇಣದ ಉರುಳೆಯಲ್ಲಿ ದನಿ ಆಳದ ದಿಕ್ಕಿನಲ್ಲಿ ಇರುವುದರಿಂದ ಬರಿಯ ಛಾಯಾಚಿತ್ರ ಸಾಲದು. ಒಂದೊಂದು ಬಿಂದುವಿನ ಎತ್ತರವನ್ನೂ ಬೆಳಕಿನಿಂದ ಅಳೆದು, ಇಡೀ ಉರುಳೆಯ ಭೂಪಟವನ್ನು ಗಣಕದಲ್ಲಿ ಕಟ್ಟಬೇಕು. ಆ ಭೂಪಟದ ಮೇಲೆ ಕಾಲ್ಪನಿಕ ಮುಳ್ಳೊಂದನ್ನು ಓಡಿಸಿದರೆ ದನಿ ಹೊರಡುತ್ತದೆ. ಉರುಳೆಯನ್ನು ಯಾವುದೂ ಮುಟ್ಟುವುದಿಲ್ಲ. ಒಡೆದ ಉರುಳೆಯ ಚೂರುಗಳನ್ನು ಬೇರೆಬೇರೆಯಾಗಿ ಅಳೆದು ಗಣಕದಲ್ಲಿ ಕೂಡಿಸಲೂಬಹುದು.

ಬರ್ಕ್ಲಿಯ ವಿಶ್ವವಿದ್ಯಾಲಯದ ಹರ್ಸ್ಟ್ ವಸ್ತುಸಂಗ್ರಹಾಲಯದಲ್ಲಿ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಹಾಡು, ಕಥೆ, ಮಾತುಗಳ ಸುಮಾರು 2,700 ಉರುಳೆಗಳಿವೆ. ಇವನ್ನು ಈ ಬೆಳಕಿನ ವಿಧಾನದಿಂದ ಓದಲಾಯಿತು. ಯಾಹಿ ಜನರಲ್ಲಿ ಕೊನೆಯವನಾಗಿ ಉಳಿದ ಇಷಿ 1911ರಿಂದ 1914ರ ನಡುವೆ ನುಡಿದು, ಹಾಡಿ ಮುದ್ರಿಸಿದ 148 ಉರುಳೆಗಳೂ ಇದರಲ್ಲಿ ಸೇರಿವೆ. 1916ರಲ್ಲಿ ಕ್ಷಯದಿಂದ ತೀರಿಕೊಂಡ ಅವನ ನುಡಿಗೆ ಬೇರೆ ನುಡಿಗಾರನಿಲ್ಲ. ಇಂಥ ಕಡೆ ಒಂದು ಗುಳಿಯೂ ಒಂದು ಗ್ರಂಥಪಾತವೇ.

ಹಾಗಾದರೆ ಗಣಕದಿಂದ ಹೊರಟದ್ದು 'ಮೂಲದ ದನಿ'ಯೇ? ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದವರಿಗೆ, ಪ್ರತಿಯಲ್ಲಿ ಇರುವುದು ಬೇರೆ, ಸಂಪಾದಕನು ನಿರ್ಣಯಿಸಿದ ಪಾಠ ಬೇರೆ ಎಂಬುದು ಹೊಸ ಮಾತಲ್ಲ. ಉರುಳೆಯಲ್ಲಿ ಮೊದಲ ನಿರ್ಣಯ ವೇಗದ್ದು. ನಿಮಿಷಕ್ಕೆ 160 ಸುತ್ತು ಎಂಬುದು ವ್ಯಾಪಾರದ ಉರುಳೆಗಳಲ್ಲಿ ತಡವಾಗಿ ನೆಲೆಗೊಂಡ ಕ್ರಮ. ಕ್ಷೇತ್ರಕಾರ್ಯದಲ್ಲಿ ಯಂತ್ರದ ಸ್ಪ್ರಿಂಗ್ ಎಷ್ಟು ಬಿಗಿದಿತ್ತೋ ಅಷ್ಟು. ವೇಗ ತಪ್ಪಿದರೆ ಶ್ರುತಿ ತಪ್ಪುತ್ತದೆ, ಗಂಡಸು ಹೆಂಗಸಾಗುತ್ತಾನೆ, ವಿಲಂಬ ದ್ರುತವಾಗುತ್ತದೆ. ಹಾರ್ನ್‌ಬಾಸ್ಟೆಲ್ ಇದನ್ನು ಮುಂದಾಗಿಯೇ ಕಂಡು, ಪ್ರತಿ ಉರುಳೆಯ ಆರಂಭದಲ್ಲಿ 435 ಕಂಪನಗಳ ಶ್ರುತಿಕೊಳಲನ್ನು ಊದಿ ಮುದ್ರಿಸಬೇಕೆಂದು ಪ್ರವಾಸಿಗಳಿಗೆ ಸೂಚಿಸಿದ್ದರು. ಲಿಪಿಕಾರನು ಪ್ರತಿಯ ಕೊನೆಯಲ್ಲಿ ಶಕವರ್ಷ ಬರೆದಿಟ್ಟಂತೆ ಅದು. ಅಂಥ ಗುರುತಿಲ್ಲದ ಕಡೆ ಎಡವುವುದು ಎಷ್ಟು ಸುಲಭ ಎನ್ನುವುದಕ್ಕೆ ಪ್ರಸಿದ್ಧ ಉದಾಹರಣೆಯೊಂದಿದೆ. ಫ್ರಾನ್ಸಿನ ಎಡುವಾರ್ ಲಿಯೋಂ ಸ್ಕಾಟ್ ದ ಮಾರ್ತಾಂವಿಲ್ 1860ರಲ್ಲಿ ಮಸಿ ಹಿಡಿಸಿದ ಕಾಗದದ ಮೇಲೆ ದನಿಯ ಗೆರೆಗಳನ್ನು ಮೂಡಿಸಿದ್ದರು. ಅವರ ಉದ್ದೇಶ ದನಿಯನ್ನು ನೋಡುವುದೇ ಹೊರತು ಕೇಳುವುದಾಗಿರಲಿಲ್ಲ. 2008ರಲ್ಲಿ ಆ ಗೆರೆಗಳಿಂದ ಹಾಡೊಂದನ್ನು ಹೊರಡಿಸಿದಾಗ, ಹಾಡಿದವಳು ಬಾಲೆಯೋ ತರುಣಿಯೋ ಇರಬೇಕೆಂದು ಪ್ರಕಟವಾಯಿತು. ಮರುವರ್ಷ ಅದೇ ಸಂಶೋಧಕರು ತಿದ್ದಿಕೊಂಡರು: ವೇಗ ಇಮ್ಮಡಿಯಾಗಿತ್ತು, ಅರ್ಧಕ್ಕಿಳಿಸಿದಾಗ ಕೇಳಿದ್ದು ನಿಧಾನವಾಗಿ ಹಾಡುವ ಗಂಡುದನಿ, ಬಹುಶಃ ಸ್ಕಾಟ್ ಅವರದೇ. ತಮ್ಮ ತಪ್ಪನ್ನು ತಾವೇ ಪ್ರಕಟವಾಗಿ ತಿದ್ದಿಕೊಂಡ ಈ ನಡೆ ಆವಿಷ್ಕಾರದಷ್ಟೇ ಶ್ಲಾಘ್ಯ.

ಇನ್ನು ಗದ್ದಲವನ್ನು ತೆಗೆಯುವ ಕೆಲಸ. ಗಣಕದಲ್ಲಿ ಸುಯ್ಲು, ಚಿಟಿಚಿಟಿಗಳನ್ನು ಅಳಿಸುವುದು ಸುಲಭ. ಅವುಗಳ ಜೊತೆ ಒಂದು ಸಕಾರವೂ ಅಳಿಸಿಹೋಗುವುದು ಅಷ್ಟೇ ಸುಲಭ. ಕೇಳಲು ಹಿತವಾದ ಪ್ರತಿ ಊಹಾಪಾಠಗಳಿಂದ ತುಂಬಿದ ಪ್ರತಿಯಾಗಿರಬಹುದು. ಆದ್ದರಿಂದ ಒಳ್ಳೆಯ ಸಂಗ್ರಹಗಳು ತಿದ್ದದ ಪ್ರತಿಯನ್ನು ಹಾಗೆಯೇ ಕಾಪಿಟ್ಟು, ತಿದ್ದಿದ್ದನ್ನು ಬೇರೆಯಾಗಿ ಇಡುತ್ತವೆ. ಪಾಠಾಂತರಗಳನ್ನು ಅಡಿಯಲ್ಲಿ ಕೊಡದ ಆವೃತ್ತಿಯನ್ನು ಸಂಶೋಧಕರು ಎಷ್ಟು ನಂಬುತ್ತಾರೋ, ಗದ್ದಲ ತೆಗೆದ ಪ್ರತಿಯೊಂದನ್ನೇ ಕೊಡುವ ಸಂಗ್ರಹವನ್ನೂ ಅಷ್ಟೇ ನಂಬಬೇಕು.

ತಾಂತ್ರಿಕ ಪ್ರಶ್ನೆ ಬಗೆಹರಿದ ಮೇಲೂ ಉಳಿಯುವ ಪ್ರಶ್ನೆಯೊಂದಿದೆ: ದನಿ ಯಾರದು? ಜನಪದ ಅಧ್ಯಯನಕ್ಕಾಗಿ ಫೋನೋಗ್ರಾಫನ್ನು ಹೊತ್ತು ಹಳ್ಳಿಗೆ ಹೋದ ಮೊದಲಿಗರು ಜೆಸ್ಸಿ ವಾಲ್ಟರ್ ಫ್ಯೂಕ್ಸ್. 1890ರ ಮಾರ್ಚ್‌ನಲ್ಲಿ ಅಮೆರಿಕದ ಮೇನ್ ರಾಜ್ಯದ ಕ್ಯಾಲೆ ಎಂಬ ಊರಿನಲ್ಲಿ ಅವರು ಪಾಸಮಾಕ್ವಾಡಿ ಜನರ ಹಾಡು, ಕಥೆಗಳನ್ನು ಮುದ್ರಿಸಿದರು. ಉರುಳೆಗಳು ಹಾರ್ವರ್ಡಿನ ವಸ್ತುಸಂಗ್ರಹಾಲಯಕ್ಕೆ ಹೋದವು, ತರುವಾಯ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ. ಹಾಡಿದವರ ಮಕ್ಕಳು ಮೊಮ್ಮಕ್ಕಳಿಗೆ ಅವು ಕೇಳಲು ಸಿಗಲಿಲ್ಲ. 1979ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯೊಂದರಿಂದ ಕ್ಯಾಸೆಟ್ ಪ್ರತಿಗಳು ಊರಿಗೆ ಮರಳಿದವಾದರೂ ಅವುಗಳಲ್ಲಿ ಮಾತಿಗಿಂತ ಗದ್ದಲವೇ ಹೆಚ್ಚಾಗಿತ್ತು. ಈಚಿನ ಅಂಕೀಕರಣದ ಬಳಿಕ ನುಡಿ ಬಲ್ಲ ಹಿರಿಯರು ಒಂದೊಂದನ್ನೂ ಮತ್ತೆ ಮತ್ತೆ ಕೇಳಿ, ಪದಗಳನ್ನು ಗುರುತಿಸಿ, ತಮ್ಮ ನುಡಿಯಲ್ಲೇ ಶೀರ್ಷಿಕೆ ಕೊಟ್ಟರು. ಯಾವುದನ್ನು ಹೇಗೆ ಬಳಸಬಹುದು, ಇದು ಮಾರಾಟದ ವಸ್ತುವಲ್ಲ ಎಂಬಂಥ ಸೂಚನೆಗಳು ಈಗ ಆ ಮುದ್ರಿಕೆಗಳ ಜೊತೆಗೆ ಅವರದೇ ಮಾತಿನಲ್ಲಿ ಸೇರಿವೆ. ನೂರಿಪ್ಪತ್ತು ವರ್ಷಕ್ಕೂ ಮೀರಿ ಸಂಗ್ರಾಹಕನ ಹೆಸರಿನಿಂದಲೇ ಕರೆಯಿಸಿಕೊಂಡ ಸಂಗ್ರಹದಲ್ಲಿ ಹಾಡಿದವರಿಗೂ ಒಂದು ಜಾಗ ದೊರೆತಂತಾಯಿತು. ಭಾರತದ ಜಾನಪದ ಸಂಗ್ರಹಗಳಲ್ಲಿ ಹಾಡಿದವರ ಹೆಸರು ಎಷ್ಟು ಕಡೆ ಬಂದಿದೆ ಎಂಬುದನ್ನು ಸಂಶೋಧನ ವಿದ್ಯಾರ್ಥಿಗಳು ಒಮ್ಮೆ ಎಣಿಸಿ ನೋಡಬಹುದು.

ಭಾರತದ ಮಟ್ಟಿಗೆ ಮೇಣದ ಕಾಲ ಅಲ್ಪಾವಧಿಯದು. ಕಲ್ಕತ್ತೆಯಲ್ಲಿ ಹೇಮೇಂದ್ರಮೋಹನ ಬೋಸ್ ಎಂಬ ಸುಗಂಧದ್ರವ್ಯಗಳ ವ್ಯಾಪಾರಿ ಸ್ವದೇಶಿ ಚಳವಳಿಯ ದಿನಗಳಲ್ಲಿ ರವೀಂದ್ರನಾಥ ಠಾಕೂರರ ದನಿಯನ್ನು ಉರುಳೆಗಳಲ್ಲಿ ಹಿಡಿದರು. ಆ ಉರುಳೆಗಳಲ್ಲಿ ಉಳಿದವು ತೀರ ವಿರಳ. ರವೀಂದ್ರರು ಹಾಡಿದ 'ವಂದೇ ಮಾತರಂ' ಉಳಿದದ್ದು ಪಾಥೆ ಕಂಪನಿ ಅದನ್ನು ತಟ್ಟೆಗೆ ವರ್ಗಾಯಿಸಿದ್ದರಿಂದ. ಎ.ಎಚ್. ಫಾಕ್ಸ್ ಸ್ಟ್ರಾಂಗ್‌ವೇಸ್ 1910-11ರಲ್ಲಿ ದೇಶ ಸುತ್ತಿ ಉರುಳೆಗಳಲ್ಲಿ ಮುದ್ರಿಸಿಕೊಂಡ ಹಾಡುಗಳು 1914ರ ಅವರ 'ದಿ ಮ್ಯೂಸಿಕ್ ಆಫ್ ಹಿಂದೋಸ್ತಾನ್' ಗ್ರಂಥಕ್ಕೆ ಆಧಾರಗಳಲ್ಲೊಂದಾದವು. ಗ್ರಿಯರ್ಸನ್ನರ ಭಾಷಾ ಸರ್ವೇಕ್ಷಣೆಯ ಅಂಗವಾಗಿ ಭಾರತೀಯ ನುಡಿಗಳನ್ನು ಮುದ್ರಿಸತೊಡಗಿದಾಗ ಅರಗಿನ ತಟ್ಟೆ ಬಂದಿತ್ತು. ಸರ್ವೇಕ್ಷಣೆಯ ವ್ಯಾಪ್ತಿಗೆ ಮದ್ರಾಸ್ ಪ್ರಾಂತ್ಯ, ಮೈಸೂರು, ಹೈದರಾಬಾದುಗಳು ಸೇರಿರಲಿಲ್ಲ. ಆದರೂ ಮದ್ರಾಸ್ ಸರ್ಕಾರ ಮಾಡಿಸಿದ ತಟ್ಟೆಗಳಲ್ಲಿ ಕನ್ನಡದ ದನಿಯೂ ದಾಖಲಾಯಿತು. ತಟ್ಟೆಗೆ ಲೋಹದ ಅಚ್ಚು ಇರುತ್ತದೆ, ಹಲವು ಪ್ರತಿಗಳಿರುತ್ತವೆ. ಒಂದು ಒಡೆದರೆ ಇನ್ನೊಂದು. ಮೈಸೂರಿನ ಉರುಳೆಗೆ ಆ ಭಾಗ್ಯವಿರಲಿಲ್ಲ.

ಅದರ ಜಾಗವನ್ನು ಈಗ ಬೇರೊಂದು ತುಂಬಿದೆ. 1893ರ ಚಿಕಾಗೋ ಭಾಷಣದ 'ಮೂಲ ಧ್ವನಿ' ಎಂದು ಅಂತರ್ಜಾಲದಲ್ಲಿ ಹರಿದಾಡುವ ಮುದ್ರಿಕೆ ಸ್ವಾಮೀಜಿಯವರದಲ್ಲ. ಇತ್ತೀಚಿನವರು ಓದಿ, ಹಳೆಯದೆನಿಸುವಂತೆ ಗದ್ದಲ ಬೆರೆಸಿದ್ದು. ಎರಡು ಮೂರು ನಿಮಿಷಕ್ಕೆ ಮುಗಿಯುವ ಮೇಣದ ಉರುಳೆಯ ಕಾಲದಲ್ಲಿ ಸಭಾಂಗಣದ ಭಾಷಣವೊಂದನ್ನು ಅಷ್ಟು ದೀರ್ಘವಾಗಿ, ಅಷ್ಟು ಸ್ಪಷ್ಟವಾಗಿ ಹಿಡಿಯುವ ಬಗೆಯೇ ಇರಲಿಲ್ಲ. ಕೂಟಶಾಸನಗಳನ್ನು ಲಿಪಿಯಿಂದ ಪತ್ತೆ ಹಚ್ಚುವಂತೆ ಕೂಟದನಿಯನ್ನು ಅದರ ಮಾಧ್ಯಮದಿಂದ ಪತ್ತೆ ಹಚ್ಚಬಹುದು. ವಿಪರ್ಯಾಸವೆಂದರೆ ಲಕ್ಷಾಂತರ ಮಂದಿ ಕೇಳಿದ್ದು ಅದನ್ನು. ನಿಜವಾಗಿ ನುಡಿದದ್ದು ಒಂದು ವಾಕ್ಯದ ಷರಾ ಆಗಿ ಗ್ರಂಥದಲ್ಲಿ ಕುಳಿತಿದೆ.

'ಅಸ್ಪಷ್ಟ' ಎಂದು ಬರೆದವರು ಕಿವಿಯಿಂದ ಪರೀಕ್ಷಿಸಿದ್ದರು. ಅವರ ಕಾಲಕ್ಕೆ ಬೇರೆ ಪರೀಕ್ಷೆ ಇರಲಿಲ್ಲ. ಮುಳ್ಳು ಗೀರಿನ ನಡುಭಾಗವನ್ನು ಸವೆಸಿದ್ದರೂ ಅದರ ಅಂಚುಗಳಲ್ಲಿ ಮೂಲದ ಏರಿಳಿತ ಸ್ವಲ್ಪ ಉಳಿದಿರಬಹುದು. ಬೆಳಕು ಅಲ್ಲಿಗೂ ತಲುಪುತ್ತದೆ. ಅರಮನೆಗಳಲ್ಲಿ, ಮಠಗಳಲ್ಲಿ, ಹಳೆಯ ವಕೀಲರ ಮನೆಗಳ ಅಟ್ಟಗಳಲ್ಲಿ ಹತ್ತಿ ಮೆತ್ತಿದ ರಟ್ಟಿನ ಡಬ್ಬಿಯೊಳಗೆ ಕಂದುಬಣ್ಣದ ಕೊಳವೆಯೊಂದು ಕಂಡರೆ, ಅದನ್ನು ಹಳೆಯ ಯಂತ್ರಕ್ಕೆ ಹಾಕಿ ತಿರುಗಿಸಿ ನೋಡುವ ಆಸೆಯನ್ನು ತಡೆಯಬೇಕು. ಹೊರಮೈಯನ್ನು ಮುಟ್ಟದೆ, ಎರಡು ಬೆರಳುಗಳನ್ನು ಟೊಳ್ಳಿನೊಳಗೆ ತೂರಿಸಿ ಮೆಲ್ಲಗೆ ಅಗಲಿಸಿ ಎತ್ತಬೇಕು. ಬೂಷ್ಟಿದ್ದರೆ ಒರೆಸಬಾರದು. ಒಡೆದಿದ್ದರೆ ಚೂರುಗಳಲ್ಲಿ ಒಂದನ್ನೂ ಬಿಸಾಡಬಾರದು. ಡಬ್ಬಿಯ ಮುಚ್ಚಳದ ಮೇಲೆ ಏನಾದರೂ ಬರೆದಿದ್ದರೆ ಅದನ್ನು ಮೊದಲು ನಕಲು ಮಾಡಿಕೊಳ್ಳಬೇಕು.